ಹದಿನೇಳು ಗುಂಡಿ, ಒಂದು ಉಂಗುರ

ಪ್ರೀತಿಯ ಅಕ್ಕನಿಗೆ,

ಸಮುದ್ರ ನೋಡಿದ್ದಾಯಿತು. ಆದರೆ ಮೊದಲ ದಿನವೇ ಅಪ್ಪ ಕೊಟ್ಟ ಉಂಗುರ ಇವರ ಬೆರಳಿನಿಂದ ಮರಳಿಗೆ ಜಾರಿಬಿಟ್ಟಿತು. ಪಾಪ, ಊಟ ಬಿಟ್ಟು ಕೂತರು. ಕೊನೆಗೆ ದಡದ ಮೇಲಿನ ಅಂಗಡಿಯಿಂದ ಲೋಹ ಹುಡುಕುವ ಯಂತ್ರವೊಂದನ್ನು ಬಾಡಿಗೆಗೆ ತಂದೆವು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆ. ಹತ್ತಿರ ಲೋಹವಿದ್ದರೆ ಕೂಗುತ್ತದೆ.

ಮೂವತ್ತು ವರ್ಷ ಜಮೀನು ಅಳೆದವರಲ್ಲವೇ, ಇವರು ದಡಕ್ಕೆಲ್ಲ ಹಗ್ಗ ಕಟ್ಟಿ ಪಟ್ಟಿ ಪಟ್ಟಿ ಮಾಡಿಕೊಂಡರು. ಒಂದಿಂಚೂ ಬಿಡದೆ, ಮರಳಿಗೆ ತಾಗಿಯೂ ತಾಗದ ಹಾಗೆ ತಟ್ಟೆಯನ್ನು ನಿಧಾನವಾಗಿ ಆಡಿಸಿದರು. ನಾನು ಪಕ್ಕದಲ್ಲೇ ಕಾಲು ನೀಡಿ ಕೂತು, ಅವರು ಮುಂದೆ ಹೋದ ಹಾಗೆ ಸರಿಯುತ್ತಾ, ಕೈಯಿಂದ ಮರಳು ಸವರುತ್ತಿದ್ದೆ. ಮಧ್ಯಾಹ್ನದೊಳಗೆ ಯಂತ್ರ ಹದಿನೇಳು ಸಲ ಕೂಗಿತು. ಇವರು ಹದಿನೇಳು ಗುಂಡಿ ತೋಡಿದರು. ಸಿಕ್ಕಿದ್ದು ಒಂದು ಬಾಟಲಿ ಮುಚ್ಚಳ.

ಯಂತ್ರದ ಅಂಗಡಿಯ ಹೆಂಗಸು ನೋಡಿ ನೋಡಿ ಸಾಕಾಗಿ ಎದ್ದು ಬಂದಳು. "ಅಮ್ಮಾ, ನಿಮ್ಮ ಮಂಡಿಗೇನಾದ್ರೂ ಆಪರೇಷನ್ ಆಗಿದ್ಯಾ?"

"ಹೂಂ ಕಣಮ್ಮ, ಸ್ಟೀಲಿಂದು ಹಾಕಿದಾರೆ."

ಇವರು ತಟ್ಟೆಯನ್ನು ನನ್ನ ಮಂಡಿಗೆ ಹಿಡಿದರು. ಯಂತ್ರ ಊರಿಗೆಲ್ಲ ಕೇಳುವಂತೆ ಕಿರುಚಿತು.

"ಅಯ್ಯೋ, ಬೆಳಿಗ್ಗೆಯಿಂದ ನಿನ್ನನ್ನೇ ಹುಡುಕ್ತಾ ಇದ್ದೀನಲ್ಲೇ!" ಎಂದು ತಲೆ ಚಚ್ಚಿಕೊಂಡು, ನನ್ನನ್ನು ದೂರದ ಬೆಂಚಿಗೆ ಅಟ್ಟಿದರು. ಹತ್ತೇ ನಿಮಿಷಕ್ಕೆ, ಗೇಣುದ್ದ ಆಳದಲ್ಲಿ ಉಂಗುರ ಸಿಕ್ಕಿತು. ಇವರು ಅದನ್ನು ಮುಷ್ಟಿಯಲ್ಲಿ ಹಿಡಿದು ಮಗುವಿನ ಹಾಗೆ ಅತ್ತೇಬಿಟ್ಟರು. ನಾನೂ ಅತ್ತೆ.

ಮಂಡಿ ಚೆನ್ನಾಗಿದೆ, ನೋವಿಲ್ಲ. ಇವರೀಗ ಅಂಥದೇ ಯಂತ್ರ ಮನೆಗೂ ಒಂದು ಕೊಳ್ಳಬೇಕು ಅನ್ನುತ್ತಿದ್ದಾರೆ. ಸಂತೆಯಲ್ಲಿ ನಾನು ಕಳೆದುಹೋದರೆ ಹುಡುಕುವುದಕ್ಕಂತೆ!

ಕಾರ್ಡು ತುಂಬಿತು,
ನಿನ್ನ ತಂಗಿ