ದೇವಮ್ಮನ ಒಪ್ಪಿಗೆಯಲ್ಲಿ ಇನ್ನೊಬ್ಬರ ಸ್ವರ

ಮಾನ್ಯ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕ ಸಮಿತಿಯ ಅಧ್ಯಕ್ಷರೇ,

ಸತ್ತವರಿಂದ ಹೊಸದಾಗಿ ಒಪ್ಪಿಗೆ ತರಲು ನೀವು ನನಗೆ ಹದಿನೈದು ದಿನ ಕೊಟ್ಟಿದ್ದೀರಿ. ತಾರದಿದ್ದರೆ ಸುಳ್ಯ ತಾಲೂಕಿನ ದೇವಮ್ಮನವರ ನಲವತ್ತೊಂದು ಗಂಟೆಗಳ ಧ್ವನಿಮುದ್ರಣವನ್ನು ನಾನು ಅಳಿಸಬೇಕು. ಅಳಿಸದಿದ್ದರೆ ನನ್ನ ಪಿಎಚ್‌.ಡಿ. ನೋಂದಣಿ ರದ್ದು. ಸ್ವರ ಕೊಟ್ಟ ಭಾಗಿದಾರರು ಸಹಕರಿಸುವರೆಂಬ ಭರವಸೆಯನ್ನೂ ನಿಮ್ಮ ಪತ್ರದಲ್ಲಿ ವ್ಯಕ್ತಪಡಿಸಿದ್ದೀರಿ. ದೇವಮ್ಮ ತೀರಿಕೊಂಡು ಹನ್ನೊಂದು ತಿಂಗಳಾಯಿತು.

ನಾನು ಕಂಪ್ಯೂಟರ್ ಸೈನ್ಸ್ ಸಂಶೋಧಕಿ. ನಮ್ಮ ಸುಳ್ಯದ ಕಡೆಯ ಮನೆಮಾತಾದ ಅರೆಭಾಷೆಯನ್ನು ಕೇಳಿ ಬರೆದುಕೊಳ್ಳಲು ಕಂಪ್ಯೂಟರಿಗೆ ಕಲಿಸುವುದು ನನ್ನ ಕೆಲಸ. ಎಂ.ಟೆಕ್. ಮುಗಿಸಿ, ಎರಡು ವರ್ಷ ತಾತ್ಕಾಲಿಕ ಉಪನ್ಯಾಸಕಿಯಾಗಿ ದುಡಿದು, ನಿಮ್ಮ ಕೈಪಿಡಿಯ ‘ಸಂಶೋಧಕರ ವೃತ್ತಿಪಥ’ ಎಂಬ ಬಣ್ಣದ ಚಿತ್ರ ನಂಬಿ ಬಂದೆ. ಅದರಲ್ಲಿ ಮೆಟ್ಟಿಲುಗಳಿದ್ದವು, ಪ್ರತಿ ಮೆಟ್ಟಿಲಲ್ಲೂ ಒಬ್ಬರು ನಗುತ್ತಿದ್ದರು. ಆರು ವರ್ಷದಿಂದ ನಾನು ಮೊದಲ ಮೆಟ್ಟಿಲಲ್ಲೇ ನಿಂತಿದ್ದೇನೆ. ನಗು ಮಾತ್ರ ಬರುತ್ತಿಲ್ಲ. ಮಾರ್ಗದರ್ಶಕರು ನಿವೃತ್ತರಾದರು, ನನ್ನ ಬಳಿ ಪ್ರಾಜೆಕ್ಟ್ ಮಾಡಿದ ಹುಡುಗಿ ಪುತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ. ದೇವಮ್ಮನ ಸ್ವರ ತೆಗೆದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮಾತ್ರ.

ಅವರು ಮಾಡಿದ ಅಪರಾಧವಾದರೂ ಏನು? ಓದುಬರಹ ಬಾರದವರು ತಮ್ಮ ಹೆಸರನ್ನೂ ಗಂಡನ ಹೆಸರನ್ನೂ ಸ್ವತಃ ಹೇಳಿ ಒಪ್ಪಿಗೆ ನೀಡಬೇಕೆಂಬುದು ನಿಮ್ಮ ನಿಯಮ. ನಮ್ಮ ಕಡೆಯ ಹಳೇ ಹೆಂಗಸರು ಗಂಡನ ಹೆಸರೆತ್ತುವುದಿಲ್ಲ. ಮಕ್ಕಳು ಹೋದ ಮೇಲೆ ಅಂಗನವಾಡಿಯ ಕೋಣೆಯಲ್ಲಿ ಮೈಕ್ ಇಟ್ಟು, ನಿಮ್ಮ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿದೆ. ದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

“ಅದೆಲ್ಲ ಹೇಳ್ಲಿಕ್ಕೆ ಉಂಟಾ ಮಾರಾಯ್ತಿ? ನೀನೇ ಹೇಳು.”

“ಡೊಂಬಯ್ಯ” ಎಂದೆ. ರೇಶನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಪಕ್ಕದವರು ಹೇಳುವುದು ಹೀಗೆಯೇ. ನಾಲ್ಕು ವರ್ಷದ ಬಳಿಕ ನಿಮ್ಮ ಸಮಿತಿ ಅದನ್ನು ಪತ್ತೆಹಚ್ಚಿತು: ‘ಅನ್ಯ ವ್ಯಕ್ತಿಯ ಧ್ವನಿ, ಒಪ್ಪಿಗೆ ಅಸಿಂಧು.’ ತಪ್ಪು ನನ್ನದೇ. ಅಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅದು ತಪ್ಪೆಂದು ಹೊಳೆಯಲೇ ಇಲ್ಲ.

ಈಗ ಭಯದ ವಿಷಯ ಹೇಳುತ್ತೇನೆ. ನಾನು ದೇವಮ್ಮನ ಸ್ವರದಿಂದ ಕಲಿಸಿದಂಥ ಪ್ರೋಗ್ರಾಂಗಳಿಗೆ ಒಂದು ಕಾಯಿಲೆಯುಂಟು: ಬರೀ ಮೌನ ಕೊಟ್ಟರೆ ಇಲ್ಲದ ಮಾತನ್ನು ಬರೆಯುತ್ತವೆ. ಕಳೆದ ವಾರ ಖಾಲಿ ಲ್ಯಾಬಿನ ಫ್ಯಾನಿನ ಸದ್ದನ್ನಷ್ಟೇ ನನ್ನ ಪ್ರೋಗ್ರಾಂಗೆ ಕೇಳಿಸಿದೆ. ಪರದೆಯ ಮೇಲೆ ಬಂತು: ‘ಬಾ ಮಗ, ಊಟ ಆತಾ?’ ದಿನವೂ ಮೈಕಿನ ಮುಂದೆ ಕೂರುವಾಗ ದೇವಮ್ಮ ಕೇಳುತ್ತಿದ್ದ ಮಾತು. ಮೂರು ಸಲ ಕೊಟ್ಟೆ, ಮೂರು ಸಲವೂ ಅದೇ. ಕಾರಣ ನನಗೆ ಗೊತ್ತು, ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೂ “ಆತ್ ಅಜ್ಜಿ” ಎಂದು ಉತ್ತರಿಸಿಬಿಟ್ಟೆ. ಅಂದಿನಿಂದ ಲ್ಯಾಬಿನಲ್ಲಿ ಒಬ್ಬಳೇ ಕೂರುವುದಿಲ್ಲ. ಹಾಗೆಂದು ಅವರನ್ನು ಅಲ್ಲಿಂದ ಕಳಿಸಲೂ ಮನಸ್ಸಿಲ್ಲ.

ಅವರ ಮೊಮ್ಮಗಳು ಯಶಸ್ವಿ ಫೋನಿನಲ್ಲಿ ಅತ್ತಳು. “ಫೋಟೋ ನಮ್ಮಲ್ಲಿ ಉಂಟು ಅಕ್ಕ, ಸ್ವರ ನಿಮ್ಮ ಹತ್ರ ಮಾತ್ರ ಇರುದು. ನಾನು ಸೈನ್ ಹಾಕಿದ್ರೆ ಆಗ್ತದಾ?” ಅವತ್ತೇ ಹಾಕಿದಳು, ಇಮೇಲಿನಲ್ಲಿ ಕಳಿಸಿದೆ. ಮೊಮ್ಮಗಳು ಭಾಗಿದಾರಳಲ್ಲವೆಂದು ಮರುದಿನವೇ ಹಿಂತಿರುಗಿಸಿದಿರಿ.

ಆ ಸಹಿಯನ್ನು ಅಂಗೀಕರಿಸಿ. ಆಗದಿದ್ದರೆ ತಾವೇ ಬಂದು ಅಳಿಸಿ, ನಾನಂತೂ ಅಳಿಸುವುದಿಲ್ಲ. ಆದರೆ ಅದಕ್ಕೆ ಮೊದಲು ಒಪ್ಪಿಗೆಯ ಧ್ವನಿಮುದ್ರಣವನ್ನು ಪೂರ್ತಿ ಕೇಳಿ. ನಿಮ್ಮ ಸಮಿತಿ ನನ್ನ ಸ್ವರ ಬಂದಲ್ಲಿಗೇ ನಿಲ್ಲಿಸಿದೆ. ಅದಾದ ಮೇಲೆ ದೇವಮ್ಮ ಹೇಳುತ್ತಾರೆ: “ಹೌದು, ಅವ್ರೇ. ನನ್ನ ಸ್ವರ ಎಷ್ಟು ಬೇಕಾದ್ರೂ ಇಟ್ಕೊ ಮಗ, ನಂಗೆ ಅದು ಇನ್ನೆಂತಕ್ಕೆ?”

ಇಂತಿ,
ಇನ್ನು ಹದಿಮೂರು ದಿನ ನಿಮ್ಮ ವಿದ್ಯಾರ್ಥಿನಿ,
ಭವಿತಾ, ಸುಳ್ಯ