ಎಡದ ಪೆಟ್ಟಿಗೆ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೯ ನವೆಂಬರ್ ೨೦೨೫, ಭಾನುವಾರ

ಮೇಧಾಳ ಅಪ್ಪನವರಿಗೆ,

ತುಳಸಿಯ ನಮಸ್ಕಾರ. ನೀವು ವಿಜಯವಾಡದಿಂದ ಬಸ್ಸಿನಲ್ಲಿ ಹಾಕಿ ಕಳಿಸಿದ ಸ್ಪೀಕರ್ ಪೆಟ್ಟಿಗೆ ಎಲ್ಲೂ ಮುಕ್ಕಾಗದೆ ಬಂದು ಸೇರಿತು ಎಂದು ಅವತ್ತೇ ಫೋನಿನಲ್ಲಿ ಹೇಳಿದ್ದೆ. ಅದೇ ಫೋನಿನಲ್ಲಿ ನೀವು, ನವೆಂಬರ್ ಕೊನೆಗೆ ರಿಟೈರ್ ಆಗ್ತೀನಲ್ಲ, ಆಮೇಲೆ ಅಲ್ಲಿಗೇ ಬಂದುಬಿಡ್ಲಾ ಎಂದು ಕೇಳಿದಿರಿ. ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಕೇಳಿದಿರಿ. ಬರೆದು ತಿಳಿಸ್ತೀನಿ ಎಂದೆ. ಲೋನಿಗೆ ಅರ್ಜಿ ಹಾಕಿದ ಹಾಗಾಯ್ತಲ್ಲ ಎಂದು ನಕ್ಕಿರಿ. ನಾನು ತಮಾಷೆಗೆ ಹೇಳಿದ್ದಲ್ಲ. ಫೋನಿನಲ್ಲಿ ನೀವು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ನನಗೆ ಅಭ್ಯಾಸವಾಗಿಬಿಟ್ಟಿದೆ. ಇದಕ್ಕೂ ಬಾಯಿ ತನ್ನಷ್ಟಕ್ಕೆ ತಾನೇ ಹೂಂ ಅಂದುಬಿಟ್ಟೀತು ಎಂದು ಹೆದರಿ ಬರೆಯಲು ಕೂತಿದ್ದೇನೆ.

ಮೊದಲು ಪೆಟ್ಟಿಗೆಯ ವಿಷಯ. ಇಲ್ಲಿದ್ದ ನನ್ನ ಪೆಟ್ಟಿಗೆಯ ಅವಸ್ಥೆ ನಿಮಗೆ ಗೊತ್ತಿಲ್ಲ. ಸಮುದ್ರದ ಗಾಳಿಗೆ ಮೇಲಿನ ತೇಗದ ಹೊದಿಕೆ ಮೂಲೆಯಲ್ಲಿ ಮೊದಲು ಎದ್ದಿತು. ಆಮೇಲೆ ಬದಿಯುದ್ದಕ್ಕೂ ಹಪ್ಪಳದ ಹಾಗೆ ಉಬ್ಬಿತು. ಒರೆಸುವ ಬಟ್ಟೆ ಸಿಕ್ಕಿ ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತಿತ್ತು. ದಸರಾಕ್ಕೆ ಹೈದರಾಬಾದಿನಿಂದ ಬಂದಿದ್ದ ಮೇಧಾ ನೋಡಿ, ಇದನ್ನ ಎಸೀ, ಇಲ್ಲಾ ಸರಿ ಮಾಡ್ಸು, ಹೀಗಂತೂ ಇಟ್ಕೋಬೇಡ ಅಮ್ಮ ಎಂದಳು. ಅವಳು ಹೇಳಿದ್ದು ಪೆಟ್ಟಿಗೆಗೋ ಮತ್ತೊಂದಕ್ಕೋ ಎಂದು ನಾನು ಕೇಳಲಿಲ್ಲ.

ಪೆಂಡುರ್ತಿಯಲ್ಲಿ ರಾಮ್‌ಪ್ರಸಾದ್ ಎಂಬವರ ಪ್ಲೈವುಡ್ ಅಂಗಡಿ ಇದೆ. ಅಲ್ಲಿ ವೆನೀರ್ ಸಿಗುತ್ತದೆ. ಅಂದರೆ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆ. ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ, ನಾನು ಇತ್ತೀಚೆಗಷ್ಟೇ ಕಲಿತದ್ದು. ಒಂದೇ ದಿಮ್ಮಿಯಿಂದ ಒಂದರ ಹಿಂದೆ ಒಂದು ಸೀಳಿದ ಹಾಳೆಗಳಲ್ಲಿ ಮರದ ಗೆರೆಗಳು ಒಂದೇ ತರಹ ಇರುತ್ತವೆ. ಪಕ್ಕಪಕ್ಕದ ಎರಡು ಹಾಳೆ ತೆಗೆದು ಪುಸ್ತಕ ಬಿಡಿಸಿದ ಹಾಗೆ ಇಟ್ಟರೆ ಒಂದು ಇನ್ನೊಂದರ ಕನ್ನಡಿ. ಜೋಡಿ ಸ್ಪೀಕರಿಗೆ ಹಾಗೆಯೇ ಅಂಟಿಸುವುದಂತೆ. ಒಂದೇ ಪೆಟ್ಟಿಗೆಗೆ ಸಾಕು ಎಂದೆ. ಅವರು ಹಾಳೆ ಸುತ್ತುವುದನ್ನು ನಿಲ್ಲಿಸಿ, ರೆಂಡೋದಿ ಎಕ್ಕಡುಂದಮ್ಮಾ ಎಂದು ಕೇಳಿದರು. ಎರಡನೆಯದು ವಿಜಯವಾಡದಲ್ಲಿದೆ ಎಂದೆ. ಈ ದಿಮ್ಮಿ ಮುಗಿದರೆ ಮತ್ತೆ ಇಂಥದು ಸಿಗುವುದಿಲ್ಲ ಎಂದಷ್ಟೇ ಹೇಳಿದರು. ಎರಡಕ್ಕೂ ಆಗುವಷ್ಟು ತಂದೆ. ಅವತ್ತು ಸಂಜೆ ಮಾತಿಗೆ ಮಾತು ಬಂದು ನಿಮಗೆ ಫೋನಿನಲ್ಲಿ ಹೇಳಿದೆ. ನೀವು ಅಲ್ಲಿಗೆ ಹೋದ ಈ ಆರು ವರ್ಷದಲ್ಲಿ ನಾನು ಹೇಳಿದ ಯಾವ ಕೆಲಸವನ್ನೂ ನೀವು ಅಷ್ಟು ಚುರುಕಾಗಿ ಮಾಡಿದವರಲ್ಲ. ವಾರದೊಳಗೆ ಪೆಟ್ಟಿಗೆ ಬಂದೇಬಿಟ್ಟಿತು.

ಬಿಚ್ಚಿ ನೋಡಿದರೆ ಸನ್‌ಮೈಕಾ. ನನಗೆ ನಗು ಬಂತು. ಆಟೋನಗರದಲ್ಲಿ ಲಾರಿ ಕ್ಯಾಬಿನ್ ಮಾಡುವವರ ಹತ್ತಿರ ಹಾಕಿಸಿದಿರಂತೆ. ಒರೆಸಿದರೆ ಸಾಕು, ಮೇಂಟೆನೆನ್ಸೇ ಇಲ್ಲ ಎಂದು ನೀವು ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು. ಬಳ್ಳಾರಿಯಲ್ಲಿ ನಾವು ಹೊಸದಾಗಿ ಸಂಸಾರ ಹೂಡಿದಾಗ, ಊರು ಬಿಡುತ್ತಿದ್ದ ಗಣಿ ಎಂಜಿನಿಯರೊಬ್ಬರ ಮನೆಯಿಂದ ಒಂದೊಂದನ್ನೇ ಕೂಸಿನ ಹಾಗೆ ಎತ್ತಿಕೊಂಡು ತಂದ ತೇಗದ ಪೆಟ್ಟಿಗೆಗಳು ಅವು. ಅದರ ಮೇಲೆ ಹೋಟೆಲಿನ ಮೇಜಿಗೆ ಹಾಕುವ ಸನ್‌ಮೈಕಾ ಹಾಕಿಸಲು ಬೇರೆ ಯಾರಿಗೂ ಕೈ ಬರುತ್ತಿರಲಿಲ್ಲ. ಚೆನ್ನಾಗಿಯೇ ಹೊಳೆಯುತ್ತಿತ್ತು, ಅದು ಬೇರೆ ಮಾತು.

ಅದನ್ನು ನಾನೇ ಕಿತ್ತೆ. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಮೇಲಿಟ್ಟರೆ ಒಳಗಿನ ಗಮ್ಮು ಮೆತ್ತಗಾಗುತ್ತದೆ, ಆಗ ತಗಡಿನ ಪಟ್ಟಿ ತೂರಿಸಿ ನಿಧಾನಕ್ಕೆ ಎಬ್ಬಿಸಬೇಕು. ಕೆಳಗಿದ್ದ ಹಳೆಯ ತೇಗವೂ ಅದರ ಜೊತೆಗೇ ಎದ್ದು ಬಂತು. ಉಳಿದದ್ದು ಬೋಳು ಹಲಗೆ. ಅಷ್ಟು ಹೊತ್ತಿಗೆ ನನ್ನದನ್ನೂ ಹಾಗೇ ಬೋಳು ಮಾಡಿಟ್ಟಿದ್ದೆ. ಬಾಲ್ಕನಿಯಲ್ಲಿ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಅಂಟಿಸುವುದೂ ಇಸ್ತ್ರಿಯಿಂದಲೇ. ಹಲಗೆಗೂ ಹಾಳೆಗೂ ಗೋಂದು ಬಳಿದು ಪೂರ್ತಿ ಒಣಗಲು ಬಿಡಬೇಕು. ಒಣಗಿದ ಮೇಲೆ ಒಂದರ ಮೇಲೊಂದು ಇಟ್ಟು, ತೆಳು ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಗೋಂದು ಮತ್ತೆ ಕರಗಿ ಹಿಡಿದುಕೊಳ್ಳುತ್ತದೆ. ಒಣಗಿದ್ದು ಮತ್ತೆ ಹಿಡಿಯುತ್ತದೆ ಎಂದು ಕೇಳಿದಾಗ ನಾನು ನಂಬಿರಲಿಲ್ಲ, ಆದರೆ ಹಿಡಿಯಿತು. ನೀವು ಇಲ್ಲಿದ್ದಷ್ಟು ಕಾಲ ನಿಮ್ಮ ಆಫೀಸಿನ ಅಂಗಿಗಳ ಮೇಲೆ ಓಡಾಡಿದ ಇಸ್ತ್ರಿಯೇ ಇದು. ಕಾಲರಿನಿಂದ ಶುರು ಮಾಡುವ ಅಭ್ಯಾಸಕ್ಕೆ ಕೈ ಇಲ್ಲೂ ಮೊದಲು ಅಂಚಿಗೇ ಹೋಗುತ್ತಿತ್ತು. ಅಂಚಿನಿಂದ ಮಾಡಬಾರದು, ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಬೇಕು. ಇಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಉಗುರಿನಿಂದ ತಟ್ಟುತ್ತ ಹೋದರೆ ಹಿಡಿಯದ ಜಾಗದಲ್ಲಿ ಸದ್ದು ಪೊಳ್ಳಾಗಿ ಬರುತ್ತದೆ. ಅಲ್ಲಿ ಗೆರೆಯುದ್ದಕ್ಕೆ ಬ್ಲೇಡಿನಿಂದ ಸಣ್ಣಗೆ ಸೀಳಿ, ಗೋಂದು ತುಂಬಿ, ಮತ್ತೆ ಒತ್ತಬೇಕು.

ಶಾಲೆಯಿಂದ ಬಂದು ಪಾಠದ ಪುಸ್ತಕ ಇಟ್ಟವಳೇ ತಟ್ಟಲು ಕೂರುತ್ತಿದ್ದೆ. ಕೆಳಗಿನ ಮನೆಯ ವಿಜಯಲಕ್ಷ್ಮೀ ಒಂದು ದಿನ ಸದ್ದು ಕೇಳಿ ಮೇಲೆ ಬಂದರು. ಅವರ ಯಜಮಾನರೂ ನಿಮ್ಮ ಬ್ಯಾಂಕಿನವರೇ ಅಲ್ಲವೇ, ನಿಮ್ಮ ರಿಟೈರ್‌ಮೆಂಟ್ ತಾರೀಖು ನನಗಿಂತ ಮೊದಲು ಅವರಿಗೆ ಗೊತ್ತಿತ್ತು. ಎರಡೂ ಪೆಟ್ಟಿಗೆ ಕಂಡು, ಹಾಗಾದ್ರೆ ಸಾಹೇಬ್ರು ಬಂದ್ಬಿಡ್ತಾರೆ ಅನ್ನಿ ಎಂದರು. ಕಾಫಿ ಕುಡೀತೀರಾ ಎಂದು ಕೇಳಿದೆ.

ಅವರು ಹೋದ ಮೇಲೆ ಆ ದಿನ ನೆನಪಾಯಿತು. ನೀವು ವಿಜಯವಾಡಕ್ಕೆ ಟ್ರಾನ್ಸ್‌ಫರ್ ಆಗಿ ಸಾಮಾನು ಕಟ್ಟಿಸುತ್ತಿದ್ದ ದಿನ. ನನಗೆ ಇಲ್ಲಿ ಕೆಲಸ, ಮೇಧಾಳಿಗೆ ಕಾಲೇಜು, ಮೂರು ವರ್ಷ ತಾನೇ ಎಂದು ನೀವೊಬ್ಬರೇ ಹೊರಟಿರಿ. ಕುಕ್ಕರು ಒಂದು, ಬಕೆಟ್ಟು ಒಂದು, ಮಂಚ ಒಂದು. ಸ್ಪೀಕರಿನ ಹತ್ತಿರ ಬಂದು, ಒಂದು ನಂಗೆ, ಒಂದು ನಿಂಗೆ ಎಂದಿರಿ. ಎತ್ತಲು ಬಂದವರು ನಕ್ಕರು, ನಾನೂ ನಕ್ಕೆ. ಬಲಗಡೆಯದನ್ನು ನೀವೇ ಕಂಬಳಿಯಲ್ಲಿ ಸುತ್ತಿದಿರಿ. ಮೂರು ವರ್ಷಕ್ಕೆಂದು ಹೋಗುವವರು ಎರಡನ್ನೂ ಒಯ್ಯುತ್ತಾರೆ, ಇಲ್ಲವೇ ಎರಡನ್ನೂ ಬಿಟ್ಟು ಹೋಗುತ್ತಾರೆ. ಪಾಲು ಮಾಡುವುದಿಲ್ಲ. ನೀವು ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಕಂಬಳಿ ಸುತ್ತುವಾಗ. ನಿಮಗೇ ಅದು ಗೊತ್ತಿತ್ತೋ ಇಲ್ಲವೋ. ಮೂರು ವರ್ಷವಾಯಿತು. ನೀವು ಇಲ್ಲಿಗೆ ಟ್ರಾನ್ಸ್‌ಫರ್ ಕೇಳಲಿಲ್ಲ, ನಾನೂ ಏಕೆ ಕೇಳಲಿಲ್ಲ ಎನ್ನಲಿಲ್ಲ.

ನಾವು ಜಗಳ ಆಡಿದ್ದರೆ ಜನಕ್ಕೆ ಹೇಳಲು ಏನಾದರೂ ಇರುತ್ತಿತ್ತು. ನೀವು ಕುಡಿಯಲಿಲ್ಲ, ಹೊಡೆಯಲಿಲ್ಲ, ಇನ್ನೊಬ್ಬಳನ್ನು ನೋಡಲಿಲ್ಲ. ಹಬ್ಬಕ್ಕೆ ಬಂದಿರಿ, ಹೋದಿರಿ. ಬಂದಾಗ ಪೇಪರ್ ಓದಿದಿರಿ. ಅದಕ್ಕೂ ಮೊದಲೇ, ಒಂದೇ ಮನೆಯಲ್ಲಿದ್ದಾಗಲೇ, ನಮ್ಮ ಮಾತು ಗ್ಯಾಸು, ಹಾಲು, ಫೀಸಿಗೆ ಬಂದು ನಿಂತಿತ್ತು. ನೀವು ಹೋದ ದಿನ ನನಗೆ ಅಳು ಬರುತ್ತದೆಂದು ಕಾದೆ. ಬರಲಿಲ್ಲ. ಕೋಪವೂ ಬರಲಿಲ್ಲ. ಬಳ್ಳಾರಿಯಿಂದ ತಿಪಟೂರಿಗೆ ಬಸ್ಸಿನಲ್ಲಿ ಹೋಗುವಾಗ ನನ್ನ ಕಾಲಿಗೆ ಜೋಮು ಹಿಡಿಯುತ್ತಿತ್ತಲ್ಲ, ಹಾಗಿತ್ತು. ಕಾಲು ಇದೆ, ನಮ್ಮದೇ, ಆದರೆ ಚಿವುಟಿದರೂ ತಿಳಿಯುವುದಿಲ್ಲ. ಇಳಿಯುವಾಗ ನೀವು ಬೇಕೆಂದೇ ಪಾದ ಒತ್ತಿ ನನ್ನ ಕೈಲಿ ಬೈಸಿಕೊಳ್ಳುತ್ತಿದ್ದಿರಿ. ಆಗ ನೀವು ತುಂಬಾ ನಗುತ್ತಿದ್ದಿರಿ.

ನಾವಿಬ್ಬರೂ ಕೇಳುತ್ತಿದ್ದ ಆ ಹಳೆಯ ಸಂಗೀತ ಕಚೇರಿಯ ರೆಕಾರ್ಡು ನಿಮ್ಮ ಹತ್ತಿರವೂ ಇದೆ, ಮೇಧಾ ಇಬ್ಬರಿಗೂ ಫೋನಿಗೆ ಹಾಕಿಕೊಟ್ಟಿದ್ದಾಳೆ. ಆ ಕಾಲದಲ್ಲಿ ಹಾಡುವುದನ್ನೆಲ್ಲ ಬಲಗಡೆಗೂ ಪಿಟೀಲನ್ನೆಲ್ಲ ಎಡಗಡೆಗೂ ಹಾಕಿಬಿಡುತ್ತಿದ್ದರಂತೆ. ಬಲದ ಪೆಟ್ಟಿಗೆಯನ್ನು ಬಲದ ತಂತಿಗೇ ಸಿಕ್ಕಿಸಬೇಕು ಎನ್ನುವವರು ನೀವು, ಎಡದ್ದನ್ನು ಎಡಕ್ಕೆ ಸಿಕ್ಕಿಸಿದವಳು ನಾನು. ಹಾಗಾಗಿ ನಿಮ್ಮ ಪಾಲಿಗೆ ಹಾಡು ಬಂತು, ನನ್ನ ಪಾಲಿಗೆ ಪಿಟೀಲು. ಮೋನೋ ಗುಂಡಿ ಒತ್ತಿದರೆ ಎರಡೂ ಒಂದರಲ್ಲೇ ಬರುತ್ತದೆ ಎಂದು ಮೇಧಾ ತೋರಿಸಿದ್ದಳು. ನಾನು ಒತ್ತಲಿಲ್ಲ. ನೀವೂ ಒತ್ತಿಲ್ಲವಂತೆ, ಅವಳೇ ಹೇಳಿದಳು. ಇಷ್ಟು ವರ್ಷ ನಾನು ಕೇಳಿದ್ದು ಬರೀ ಉತ್ತರಗಳನ್ನು. ಕಲ್ಯಾಣಿ ರಾಗ ಶುರುವಾಗುವಾಗ ನನ್ನ ಮನೆಯಲ್ಲಿ ಏನೂ ಇರುವುದಿಲ್ಲ, ಸುಮ್ಮನೆ ಸರಸರ ಸದ್ದು. ಅಲ್ಲಿ ನಿಮ್ಮ ಮನೆಯಲ್ಲಿ ಆ ಗಾಯಕಿ ಹಾಡುತ್ತಿರುತ್ತಾರೆ. ಆಮೇಲೆ ಪಿಟೀಲು ಬರುತ್ತದೆ, ಯಾರೋ ಏನೋ ಕೇಳಿದ್ದಕ್ಕೆ ಸಮಾಧಾನ ಹೇಳುವ ಹಾಗೆ. ನನಗೆ ಆ ನಡುವಿನ ಖಾಲಿಯೂ ಬಾಯಿಪಾಠವಾಗಿದೆ.

ಮೊನ್ನೆ ಅರಗಿನ ಪಾಲಿಶ್ ಒಣಗಿತು. ಎರಡನ್ನೂ ಹಾಲಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟೆ. ನನ್ನ ಕೈಕೆಲಸ ಎಂದು ಹೇಳುತ್ತಿಲ್ಲ, ನಿಜಕ್ಕೂ ಚೆಂದ ಬಂದಿವೆ. ಗೆರೆಗಳು ಒಂದರ ಕಡೆಗೆ ಇನ್ನೊಂದು ಬಾಗಿದ ಹಾಗೆ ಕಾಣುತ್ತವೆ. ಸ್ಪೀಕರುಗಳನ್ನು ಒಳಗೆ ಕೂರಿಸಿ, ತಂತಿ ಸಿಕ್ಕಿಸಿ, ಕಲ್ಯಾಣಿ ಹಾಕಿದೆ. ಇಷ್ಟು ವರ್ಷದ ಮೇಲೆ ಮೊದಲ ಸಲ ಆಕೆಯ ದನಿ ಈ ಮನೆಯಲ್ಲಿ ಕೇಳಿಸಿತು. ಅವರು ಹಾಡಿದರು, ಪಿಟೀಲು ಹಿಂದೆ ಬಂತು. ಎಲ್ಲ ತುಂಬಿಕೊಂಡಿತು. ನಾನು ಕುರ್ಚಿಯಲ್ಲಿ ಕೂತು ಏನಾದರೂ ಆಗುತ್ತದೆಂದು ಕಾದೆ. ಆಗಲಿಲ್ಲ. ಮನೆಗೆ ಜನ ಜಾಸ್ತಿಯಾದರು ಅನ್ನಿಸಿತು, ಅಷ್ಟೇ. ನಾನು ಬಾಯಿಪಾಠ ಮಾಡಿದ ಜಾಗಗಳಲ್ಲೆಲ್ಲ ಬೇರೆ ಯಾರೋ ಬಂದು ಕೂತಿದ್ದರು. ಮಧ್ಯದಲ್ಲೇ ನಿಲ್ಲಿಸಿ ಕುಕ್ಕರ್ ಇಟ್ಟೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ನೀವು ಬರಬೇಡಿ. ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ಬನ್ನಿ ಎಂದೇ ಹೇಳುತ್ತಿದ್ದೆನೇನೋ, ಎದುರಿಗೆ ಕೂರಿಸಿಕೊಂಡು ಕೇಳುವುದಕ್ಕೆ. ಒಬ್ಬರೇ ಅಡುಗೆ ಮಾಡಿಕೊಳ್ಳಲು ಕಷ್ಟ ಎಂದಿರಿ, ನನಗೆ ಅರ್ಥವಾಗುತ್ತದೆ. ಕಷ್ಟ ಎಂದಿರಿ, ಬೇಜಾರು ಎಂದಿರಿ, ಬಾಡಿಗೆ ದಂಡ ಎಂದಿರಿ. ಇನ್ನೇನನ್ನೂ ಹೇಳಲಿಲ್ಲ. ನಾನು ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ಪೆಟ್ಟಿಗೆ ನಾಳೆ ಬೆಳಿಗ್ಗೆಯ ಬಸ್ಸಿಗೆ ಹಾಕುತ್ತೇನೆ. ಥರ್ಮಾಕೋಲ್ ಇಟ್ಟು, ಮೇಲೆ ನನ್ನ ಹಳೆಯ ಕಾಟನ್ ಸೀರೆ ಸುತ್ತಿದ್ದೇನೆ, ಸೀರೆ ವಾಪಸು ಬೇಡ. ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ದಯವಿಟ್ಟು ಆಟೋನಗರದ ಕಡೆಗಂತೂ ಒಯ್ಯಬೇಡಿ. ಪಾರ್ಸೆಲ್ ಚೀಟಿಯಲ್ಲಿ ಪಡೆಯುವವರ ಹೆಸರು ಬರೆಯಬೇಕಲ್ಲ. ಇಷ್ಟು ವರ್ಷ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಹೇಳಿದ್ದೂ ಇಲ್ಲ, ಬರೆದದ್ದೂ ಕಡಿಮೆ. ಶೇಷಗಿರಿ ಎಂದು ಬರೆದು ನೋಡಿದೆ. ಯಾರದೋ ಹೆಸರಿನ ಹಾಗಿತ್ತು.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ತುಳಸಿ

ಮರೆತಿದ್ದೆ: ಪತ್ರ ಅಂಟಿಸಿಟ್ಟು ಮತ್ತೆ ಒಡೆದು ಇಷ್ಟನ್ನು ಸೇರಿಸುತ್ತಿದ್ದೇನೆ. ಏನೂ ಆಗಲಿಲ್ಲ ಎಂದು ಮೇಲೆ ಬರೆದದ್ದು ಎರಡೂ ಒಟ್ಟಿಗೆ ನುಡಿದಾಗಿನ ಮಾತು. ನಿನ್ನೆ ಪ್ಯಾಕ್ ಮಾಡುವ ಮುಂಚೆ ಎಡಗಡೆಯ ತಂತಿ ಬಿಚ್ಚಿ ಬಲಗಡೆಯದನ್ನು ಮಾತ್ರ ಹಾಕಿದೆ, ನೀವು ಅಲ್ಲಿ ಏನು ಕೇಳುತ್ತೀರಿ ನೋಡೋಣ ಎಂದು. ಆಕೆ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಮತ್ತೆ ಹಾಡುತ್ತಾರೆ, ಮತ್ತೆ ಕಾಯುತ್ತಾರೆ. ಆ ಖಾಲಿಯಲ್ಲೆಲ್ಲ ಪಿಟೀಲು ನನ್ನ ತಲೆಯೊಳಗೆ ನುಡಿಯುತ್ತಿತ್ತು. ಪೂರ್ತಿ ಕೇಳಲು ಆಗಲಿಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ.

ನಿಮ್ಮ ಪೆಟ್ಟಿಗೆಯನ್ನು ನಾನು ಇಟ್ಟುಕೊಂಡಿದ್ದೇನೆ. ನಿಮಗೆ ಬರುತ್ತಿರುವುದು ನನ್ನದು, ಎಡಗಡೆಯದು. ನಿಮ್ಮ ಶಿಸ್ತಿನಂತೆ ಎಡದ ತಂತಿಗೇ ಸಿಕ್ಕಿಸಿ, ಇಷ್ಟು ವರ್ಷ ನಾನು ಕೇಳಿದ್ದನ್ನು ಕೇಳಿ. ಬಸ್ಸಿನಲ್ಲಿ ಜೋಮು ಬಿಟ್ಟು ಕಾಲು ಚುರುಗುಟ್ಟುವಾಗ ನಾನು ಏನು ಹೇಳುತ್ತಿದ್ದೆ ಎಂದು ನಿಮಗೆ ನೆನಪಿರಬೇಕು. ಸ್ವಲ್ಪ ಹೊತ್ತು ಮುಟ್ಟಬೇಡಿ ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತಿದ್ದೇನೆ.