ಸೋರೆಬುರುಡೆಯೊಳಗಿನ ಕೈ

ಮಾರ್ಚ್ 3, ಭಾನುವಾರ
ಕಪ್ಪು ಅಂಗಿ, ಕಪ್ಪು ಸ್ಕಾರ್ಫ್, ರಬ್ಬರ್ ಚಪ್ಪಲಿ. ಫ್ಲ್ಯಾಶ್ ಇಲ್ಲ. ಕ್ಯಾಮೆರಾ ಸದ್ದು ಆಫ್. ಹರಾರೆಯಲ್ಲಿ ಮಟಾರೆ ತಾತನ ಎಂಬಿರಾ ಕಛೇರಿ — ಕಬ್ಬಿಣದ ಪಟ್ಟಿಗಳನ್ನ ಬೆರಳಲ್ಲಿ ಮೀಟೋ ವಾದ್ಯ. ಬೇರೆ ಫೋಟೊಗ್ರಾಫರನ್ನ ವೇದಿಕೆ ಹತ್ತಿರವೂ ಬಿಡಲ್ಲ. ನನಗೆ ಮಾತ್ರ ಬೆನ್ನ ಹಿಂದೆ ಜಾಗ, ಹನ್ನೊಂದು ವರ್ಷದಿಂದ.
"ನೀನು ಬೆಕ್ಕಿನ ಹಾಗೆ ಬರ್ತೀಯ, ಹೋಗ್ತೀಯ. ಉಳಿದೋರು ಟಕಟಕ ಅಂತ ಪ್ರಾಣ ತಿಂತಾರೆ!" ಅಂತಾರೆ ತಾತ.

ಸಂಜೆ 5
ಕಛೇರಿ ಮುಗಿಸಿ ಬಂದು ಫೋಟೊ ದೊಡ್ಡದು ಮಾಡಿ ನೋಡಿದೆ. ಎಂಬಿರಾ ಇರೋದು ಸೋರೆಬುರುಡೆಯ ಒಳಗೆ, ಎದುರು ಕೂತವರಿಗೆ ಕೈ ಕಾಣಲ್ಲ. ನನಗೆ ಕಾಣತ್ತೆ. ತಾತನ ಬೆರಳು ಊದಿ ಮಡಚಿಕೊಂಡಿವೆ. ಹದಿನೆಂಟು ಫೋಟೊ — ಒಂದರಲ್ಲೂ ಅಲುಗಿಲ್ಲ. ಪಕ್ಕದ ಬುರುಡೆಯಲ್ಲಿ ಮಗಳು ಶುವಾಯಿಯ ಬೆರಳು ಮಸುಕಾಗೋವಷ್ಟು ಓಡ್ತಿವೆ.
ಅಯ್ಯೋ ದೇವರೆ. ಅಷ್ಟೂ ಅವಳೇ ನುಡಿಸಿದ್ದು.

ಮಾರ್ಚ್ 5
ಶುವಾಯಿಗೆ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತಳು.
"ಎರಡು ವರ್ಷ ಆಯ್ತಕ್ಕಾ. ಹೊರಗೆ ಗೊತ್ತಾದ್ರೆ ಅಪ್ಪ ಉಳಿಯಲ್ಲ."
ಎಲ್ಲ ಅಳಿಸ್ತೀನಿ ಅಂದೆ.
"ಒಂದು ನನಗೆ ಕಳಿಸು. ಚಪ್ಪಾಳೆ ಅಂತೂ ಅಪ್ಪನಿಗೆ. ನಾನು ನುಡಿಸಿದ್ದಕ್ಕೆ ಅದೊಂದೇ ಸಾಕ್ಷಿ. ಯಾರಿಗೂ ತೋರಿಸಲ್ಲ, ಆಣೆ."
ಕಳಿಸಿದೆ. ಉಳಿದಿದ್ದೆಲ್ಲ ಅಳಿಸಿದೆ.

ಮಾರ್ಚ್ 19, ಬೆಳಿಗ್ಗೆ
ಎಲ್ಲರ ಫೋನಲ್ಲೂ ಅದೇ ಫೋಟೊ! "ನಿಜವಾಗಿ ನುಡಿಸೋದು ಯಾರು?" ಕೆಳಗೆ — ಚಿತ್ರ: ಚೆನೆಸಾಯಿ. ನನ್ನ ಹೆಸರು!
ಇದ್ದಿದ್ದು ಒಂದೇ ಪ್ರತಿ. ಅವಳ ಹತ್ತಿರ. ಫೋನ್ ಎತ್ತಲ್ಲ…
ಎಂಥ ಕೆಲಸ ಮಾಡಿದೆಯೇ ಶುವಾಯಿ. ನಿನ್ನ ಹೆಸರು ಬೇಕಿತ್ತು, ಸರಿ. ಕೇಳಿದ್ದರೆ ನಿನ್ನ ಜೊತೆ ನಿಂತು ನಾನೇ ತಾತನಿಗೆ ಹೇಳ್ತಿದ್ದೆ. ನನ್ನ ತಲೆ ಮೇಲೆ ಯಾಕೆ ಹಾಕಿದೆ?

ಮಾರ್ಚ್ 22
ತಾತ ಕರೆಸಿದರು. ಬುರುಡೆ ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು.
"ಹನ್ನೊಂದು ವರ್ಷ ಬೆನ್ನ ಹಿಂದೆ ಕೂರಿಸ್ಕೊಂಡೆ. ಯಾಕಮ್ಮಾ ಹೀಗೆ ಮಾಡಿದೆ?"
ಶುವಾಯಿ ಚಹಾ ತಂದಳು. ಅವಳ ಹೆಸರು ನನ್ನ ನಾಲಿಗೆ ತುದಿಯಲ್ಲಿತ್ತು. ತಾತನ ಕೈಯಲ್ಲಿ ಲೋಟ ನಿಲ್ಲಲ್ಲ. ಅವಳೇ ಬಾಯಿಗೆ ಹಿಡಿದಳು, ಗಡ್ಡಕ್ಕೆ ಚೆಲ್ಲಿದ್ದನ್ನ ಅಂಗೈಯಿಂದ ಒರೆಸಿದಳು. ಇನ್ನು ಅವರಿಗೆ ಇರೋದು ಅವಳೊಬ್ಬಳೇ.
"ತಪ್ಪಾಯ್ತು ತಾತಾ," ಅಂದೆ.
"ಕೇಳಿದ್ರೆ ನಾನೇ ಕೈ ತೋರಿಸ್ತಿದ್ದೆ. ಹೋಗು. ಇನ್ನು ಬರಬೇಡ."
ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಅವಳು ಲೋಟ ತೊಳೀತಿದ್ದಳು. ಒಂದೇ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದ್ದರೂ ನಾನು ಕ್ಷಮಿಸಿಬಿಡ್ತಿದ್ದೆ.